ಚಳಿಗಾಲದ ಒಲೆ: ಮೊದಲು ಹೊಗೆಯ ದಾರಿ ನೋಡಿ

ಕರ್ನಾಟಕದಿಂದ ಹೊಸದಾಗಿ ಬಂದ ನಮ್ಮವರಿಗೆ ದೆಹಲಿಯ ಚಳಿ ಸುಲಭದ್ದಲ್ಲ. 2021ರ ಜನವರಿ 1ರಂದು ಸಫ್ದರ್‌ಜಂಗ್‌ನಲ್ಲಿ ಉಷ್ಣಮಾನ 1.1 ಡಿಗ್ರಿಗೆ ಇಳಿದಿತ್ತು. ಮಯೂರ್ ವಿಹಾರ್, ತ್ರಿಲೋಕಪುರಿ, ಚಿಲ್ಲಾ ಕಡೆಯ ಒಂಟಿ ಕೋಣೆಗಳಲ್ಲಿರುವವರು ಅಂಗೀಠಿ ಕೊಳ್ಳಲು ಯೋಚಿಸುವುದು ಸಹಜವೇ. ಆದರೆ ಒಲೆ ಕೊಳ್ಳುವವರು ಮೊದಲು ಕೇಳಬೇಕಾದದ್ದು ಕಾವು ಎಷ್ಟೆಂದಲ್ಲ, ಹೊಗೆ ಎಲ್ಲಿಗೆ ಹೋಗುತ್ತದೆಂದು.

ಅಂಗೀಠಿಗೆ ಹೊಗೆಕೊಳವೆಯಿಲ್ಲ. ಕೆಂಡದಲ್ಲಿ ಹೊಗೆ ಕಾಣದಿದ್ದರೆ ಅಪಾಯವಿಲ್ಲವೆಂದು ತಿಳಿಯಕೂಡದು. ಸಾಕಷ್ಟು ಗಾಳಿಯಿಲ್ಲದೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮ್ಮ ರಕ್ತವು ಪ್ರಾಣವಾಯುವಿಗಿಂತ 200 ಪಟ್ಟಿಗೂ ಮಿಕ್ಕಿ ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ನಿದ್ರಿಸುವವನಿಗೆ ಗೊತ್ತೇ ಆಗುವುದಿಲ್ಲ. 2024ರ ಜನವರಿ 14ರಂದು ದೆಹಲಿಯ ಅಲೀಪುರ ಮತ್ತು ಇಂದರ್‌ಪುರಿಗಳಲ್ಲಿ, ಅಂಗೀಠಿ ಹಚ್ಚಿ ಮಲಗಿದ್ದ ಆರು ಜನ ತೀರಿಕೊಂಡರು. ಅವರಲ್ಲಿ ಇಬ್ಬರು ಮಕ್ಕಳು.

ಹಿಮಾಚಲ, ಉತ್ತರಾಖಂಡದ ಕಡೆ ಕೆಲಸಕ್ಕೆ ಹೋಗುವವರಿಗೆ ವಿದ್ಯುತ್ತಿಲ್ಲದ ಗುಡಿಸಲಿನಲ್ಲಿ ಸೌದೆಯೊಲೆ ಬೇಕಾದೀತು. ಅಲ್ಲಿಗೆ ತಕ್ಕದ್ದು ಬುಖಾರಿ, ಅಂದರೆ ಕೊಳವೆಯುಳ್ಳ ತಗಡಿನ ಒಲೆ. ಅದನ್ನು ಆರಿಸುವಾಗ ಇಷ್ಟು ಗಮನಿಸಿರಿ. ಕೊಳವೆ ಆದಷ್ಟು ನೇರವಾಗಿ ಮೇಲೇರಿ ಛಾವಣಿಯನ್ನು ದಾಟಿರಬೇಕು, ಕೀಲುಗಳಲ್ಲಿ ಬಿರುಕಿರಬಾರದು. ಒಲೆ ಕೋಣೆಯ ಅಳತೆಗೆ ತಕ್ಕಂತಿರಲಿ. ದೊಡ್ಡ ಒಲೆ ತಂದು, ಸೆಕೆಯಾಯಿತೆಂದು ಗಾಳಿಯ ಬಾಯಿ ಮುಚ್ಚಿದರೆ ಸೌದೆ ಹೊಗೆಯಾಡುತ್ತದೆ. ಕೊಳವೆಯೊಳಗೆ ಟಾರಿನಂಥ ಕರಿ ಕಟ್ಟಿ, ಮುಂದೆ ಅದಕ್ಕೇ ಬೆಂಕಿ ತಗಲುತ್ತದೆ. ಹಸಿ ಸೌದೆಯಿಂದಲೂ ಇದೇ ತೊಂದರೆ. ಸೀಳಿ, ಮಳೆ ತಾಗದಂತೆ ತಿಂಗಳುಗಟ್ಟಲೆ ಒಣಗಿಸಿದ ಸೌದೆಯನ್ನೇ ಹಾಕಿರಿ. ಒಲೆಯ ಕೆಳಗೆ ಕಲ್ಲು ಇಲ್ಲವೆ ಇಟ್ಟಿಗೆ ಹಾಸಿ, ಮರದ ಗೋಡೆಯಿಂದ ದೂರವಿಡಿ. ಹೊರಗಿನ ಗಾಳಿಗೆ ಒಂದು ಕಿಂಡಿ ತೆರೆದೇ ಇರಲಿ.

ಅಡುಗೆಯ ಒಲೆಗೂ ಇದೇ ನ್ಯಾಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಸೌದೆಯನ್ನು ಉಳಿಸಿದ್ದಷ್ಟೇ ಅಲ್ಲ, ಹೊಗೆಯನ್ನು ಚಿಮಣಿಯ ಮೂಲಕ ಮನೆಯಿಂದಾಚೆಗೆ ಕಳಿಸಿತು.

ಇನ್ನು ಇಲ್ಲಿಯ ಬಾಡಿಗೆ ಕೋಣೆಯ ಮಾತು. ಚಿಮಣಿಗೆ ಅವಕಾಶವಿಲ್ಲದ ಕಡೆ ಬೆಂಕಿಯೇ ಬೇಡ. ಮೊದಲು ಒಳ್ಳೆಯ ರಜಾಯಿ ಕೊಳ್ಳಿರಿ. ಆಮೇಲೆ ವಿದ್ಯುತ್ ಹೀಟರ್. 1000 ವ್ಯಾಟಿನ ಹೀಟರ್ ಒಂದು ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ. ಮಲಗುವ ಮುನ್ನ ಒಂದು ತಾಸು ಹಚ್ಚಿ ಆರಿಸಿದರೆ ಸಾಕು. 2000 ವ್ಯಾಟಿನದಾದರೆ 16 ಆಂಪಿಯರ್ ಸಾಕೆಟ್ಟಿಗೇ ಹಾಕಬೇಕು. ರಾತ್ರಿ ಕಾವಲಿನ ನಮ್ಮ ಬಂಧುಗಳು ಸೌದೆ ಸುಡಬೇಕಾದ್ದಿಲ್ಲ. ಕಾವಲಿನವರಿಗೆ ಹೀಟರ್ ಒದಗಿಸಬೇಕೆಂದು ದೆಹಲಿ ಪ್ರದೇಶದ ವಾಯುಮಾಲಿನ್ಯ ನಿಯಂತ್ರಣ ಕ್ರಮಗಳೇ ನಿವಾಸಿಗಳ ಸಂಘಗಳಿಗೆ ಹೇಳುತ್ತವೆ. ಕೇಳಿ ಪಡೆಯಲು ಸಂಕೋಚ ಬೇಡ.

ಒಲೆಯಿರುವ ಕೋಣೆಯಲ್ಲಿ ತಲೆನೋವು, ವಾಕರಿಕೆ, ತಲೆಸುತ್ತು ಕಂಡರೆ ಚಳಿಯೆಂದು ತಾತ್ಸಾರ ಮಾಡದೆ ಕೂಡಲೆ ಹೊರಗೆ ಬನ್ನಿರಿ, ಜೊತೆಯವರನ್ನೂ ಹೊರತನ್ನಿರಿ, 112ಕ್ಕೆ ಕರೆ ಮಾಡಿರಿ. ಈ ವಿಷಯವನ್ನು ಓದುಬಾರದ ಗೆಳೆಯರಿಗೂ ತಿಳಿಸಬೇಕಾಗಿ ವಾಚಕರಲ್ಲಿ ನಮ್ಮ ವಿನಂತಿ.