ಪಾಸ್‌ವರ್ಡ್ ಹೋಗುತ್ತಾ, ಚೀಟಿ ಹೋಗುತ್ತಾ?

ಬೆಳಿಗ್ಗೆ ಆಫೀಸಿನಲ್ಲಿ ಪಾಸ್‌ವರ್ಡ್ ಹಾಕಿ ಕಂಪ್ಯೂಟರ್ ತೆರೀತೀರಿ. ಆಮೇಲೆ ರಜೆ ಅರ್ಜಿಯ ವೆಬ್ ಪುಟಕ್ಕೆ ಹೋದರೆ, ಅದು ಏನೂ ಕೇಳದೆ ನಿಮ್ಮನ್ನು ಹೆಸರು ಹಿಡಿದು ಸ್ವಾಗತಿಸುತ್ತೆ. ಹಾಗಾದ್ರೆ ಆ ಪುಟಕ್ಕೆ ನಿಮ್ಮ ಪಾಸ್‌ವರ್ಡ್ ಗೊತ್ತಾಯ್ತಾ? ಇಲ್ಲ!

ವಿಂಡೋಸ್ ಇರುವ ಕಚೇರಿಗಳಲ್ಲಿ ಸಾಮಾನ್ಯವಾಗಿ ಈ ಕೆಲಸ ಮಾಡೋದು ಕರ್ಬರೋಸ್. 1980ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ವ್ಯವಸ್ಥೆ ಇದು. ವಿಂಡೋಸ್ 2000ದಲ್ಲಿ ಮೈಕ್ರೋಸಾಫ್ಟ್ ಕೂಡ ಇದನ್ನು ಅಳವಡಿಸಿಕೊಂಡಿತು. ಬಸ್ ಪಾಸ್ ನೆನಪಿಸಿಕೊಳ್ಳಿ. ದಾಖಲೆ ನೋಡೋದು ಕೌಂಟರಿನವರು. ಕಂಡಕ್ಟರ್‌ಗೆ ಪಾಸ್ ತೋರಿಸಿದ್ರೆ ಸಾಕು. ಇಲ್ಲೂ ಕೇಂದ್ರ ಸರ್ವರ್ ನಿಮ್ಮನ್ನು ಗುರುತಿಸಿ ಚೀಟಿ ಕೊಡುತ್ತೆ, ವೆಬ್ ಪುಟ ಚೀಟಿ ಮಾತ್ರ ನೋಡುತ್ತೆ. ವಿಂಡೋಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಮುಖ್ಯ ಚೀಟಿಯ ಆಯುಸ್ಸು 10 ಗಂಟೆ.

ಇನ್ನೊಂದು ದಾರಿಯೂ ಇದೆ. ಲಿನಕ್ಸ್ ಸರ್ವರ್‌ನ ಖಾತೆಯ ಪಾಸ್‌ವರ್ಡನ್ನೇ ವೆಬ್ ಪುಟದಲ್ಲಿ ಟೈಪ್ ಮಾಡಿಸೋದು. ಪ್ಯಾಮ್ ಎಂಬ ವ್ಯವಸ್ಥೆ ಅದನ್ನು ಪರೀಕ್ಷಿಸುತ್ತೆ. ಸುಲಭ, ನಿಜ. ಆದ್ರೆ ಪಾಸ್‌ವರ್ಡ್ ಮೊದಲು ಸೇರೋದು ಆ ಅಪ್ಲಿಕೇಶನ್ ಕೈಗೆ. ಅಲ್ಲೊಂದು ತೂತು ಸಿಕ್ಕರೆ ಕಳ್ಳನಿಗೆ ಸಿಗೋದು ಒಂದು ಪುಟವಲ್ಲ, ಇಡೀ ಸರ್ವರ್‌ನ ಕೀಲಿ. ಪರೀಕ್ಷೆ ಸಲೀಸಾಗಲಿ ಅಂತ ಇಡೀ ಅಪ್ಲಿಕೇಶನನ್ನು ರೂಟ್ ಅಧಿಕಾರದಲ್ಲಿ ಓಡಿಸಿದರಂತೂ ಮುಗೀತು.

ಒಂದೇ ಖಾತೆ ಇರೋದು ತಪ್ಪಲ್ಲ. ನೌಕರ ಕೆಲಸ ಬಿಟ್ಟ ದಿನ ಅದೊಂದನ್ನು ಮುಚ್ಚಿದರೆ ಎಲ್ಲ ಬಾಗಿಲಿಗೂ ಬೀಗ. ಆದ್ರೆ ನೀವು ಸ್ಕ್ರೀನ್ ಲಾಕ್ ಮಾಡದೆ ಚಹಾಕ್ಕೆ ಎದ್ದು ಹೋದರೆ, ಅಲ್ಲಿ ಕೂತವರಿಗೆ ಅದೇ ಬಾಗಿಲುಗಳೆಲ್ಲ ತೆರೆದಿರುತ್ತವೆ.

ನಿಮ್ಮ ಐಟಿ ವಿಭಾಗದವರನ್ನು ಇವತ್ತೇ ಕೇಳಿ: ನಮ್ಮಲ್ಲಿ ಹೋಗೋದು ಪಾಸ್‌ವರ್ಡಾ, ಚೀಟಿನಾ?