ಬೆಳಕಿಗೆ ಚಿಲ್ಲರೆ

ಸಂತೆಯಲ್ಲಿ ಒಬ್ಬ ವಿಚಿತ್ರ ವರ್ತಕನಿರುವನೆಂದು ಭಾವಿಸೋಣ. ಅವನ ಸರಕಿನ ಬೆಲೆ 11 ರೂಪಾಯಿ. ನಾವು 30 ರೂಪಾಯಿ ಕೊಟ್ಟರೂ ಅವನು ಕೊಡುವುದು ಒಂದೇ ಸರಕು. ಚಿಲ್ಲರೆ ಹಿಂದಿರುಗಿಸುವ ವಾಡಿಕೆ ಅವನಲ್ಲಿಲ್ಲ. ಮನೆಗಳ ಮಾಳಿಗೆಯ ಮೇಲಿನ ಸೌರಫಲಕದಲ್ಲಿರುವ ಸಿಲಿಕಾನು ಇಂಥ ವರ್ತಕನೇ ಸರಿ. ಒಂದು ಎಲೆಕ್ಟ್ರಾನನ್ನು ಬಂಧನದಿಂದ ಬಿಡಿಸಲು ಅದಕ್ಕೆ ಸುಮಾರು 1.1 ಎಲೆಕ್ಟ್ರಾನ್-ವೋಲ್ಟ್ ಶಕ್ತಿ ಸಾಕು. ನೇರಿಳೆ ಬೆಳಕಿನ ಒಂದು ಫೋಟಾನು, ಎಂದರೆ ಬೆಳಕಿನ ಕಣ, ಸುಮಾರು 3 ಎಲೆಕ್ಟ್ರಾನ್-ವೋಲ್ಟ್ ಹೊತ್ತು ತರುತ್ತದೆ. ಬಿಡುಗಡೆ ಹೊಂದುವುದು ಆಗಲೂ ಒಂದೇ ಎಲೆಕ್ಟ್ರಾನು. ಮಿಕ್ಕ ಶಕ್ತಿ ಶಾಖವಾಗಿ ವ್ಯರ್ಥವಾಗುತ್ತದೆ. ದೊಡ್ಡ ನೋಟನ್ನು ಮೊದಲೇ ಮುರಿಸಿಕೊಂಡು ಸಂತೆಗೆ ಹೋಗಲು ಬಾರದೆ?

ಇದಕ್ಕೆ ತಕ್ಕ ಚಿಲ್ಲರೆ ಯಟರ್ಬಿಯಮ್ ಎಂಬ ವಿರಳ ಭಸ್ಮಧಾತುವಿನಲ್ಲಿ ಉಂಟು. ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಅದರ ಅಯಾನಿನಲ್ಲಿ 14 ಎಲೆಕ್ಟ್ರಾನು ಹಿಡಿಸುವ ಒಂದು ಒಳಕವಚವಿದ್ದು, ಅದರಲ್ಲಿ 13 ಮಾತ್ರ ಇರುವುವು. ಆ ಕವಚದಲ್ಲಿ ದೊರೆಯುವುದು ಎರಡೇ ಶಕ್ತಿಮಟ್ಟಗಳು. ಅವುಗಳ ಅಂತರ ಸುಮಾರು 1.25 ಎಲೆಕ್ಟ್ರಾನ್-ವೋಲ್ಟ್. ಹೊರಗಿನ ಕವಚಗಳ ಮರೆಯಲ್ಲಿರುವುದರಿಂದ ಸುತ್ತಲಿನ ವಸ್ತು ಯಾವುದಾದರೂ ಈ ಅಂತರ ಹೆಚ್ಚಾಗಿ ಬದಲಾಗದು. ಹೊರಡುವ ಬೆಳಕು ಅವಕೆಂಪು. ಅಲೆಯುದ್ದ ಸುಮಾರು 980 ನ್ಯಾನೊಮೀಟರ್. ಆದರೆ ನೇರಿಳೆ ಬೆಳಕನ್ನು ಹೀರಿಕೊಳ್ಳಲು ತಕ್ಕ ಮಟ್ಟವೇ ಅದರ ಆ ಕವಚದಲ್ಲಿಲ್ಲ. ಚಿಲ್ಲರೆಯುಂಟು, ನೋಟನ್ನು ತೆಗೆದುಕೊಳ್ಳುವ ಕೈಯಿಲ್ಲ.

ಆ ಕೈ ಅರೆವಾಹಕದ ಕ್ವಾಂಟಂ ಚುಕ್ಕೆಗಳಲ್ಲಿದೆ. ಇವು ಕೆಲವೇ ನ್ಯಾನೊಮೀಟರ್ ಗಾತ್ರದ ಹರಳುಗಳು. ಗಾತ್ರ ಬದಲಾದರೆ ಇವುಗಳ ಬಣ್ಣವೂ ಬದಲಾಗುತ್ತದೆ. ಇವುಗಳ ಆವಿಷ್ಕಾರಕ್ಕಾಗಿ ಬವೆಂಡಿ, ಬ್ರೂಸ್, ಎಕಿಮೊವ್ ಎಂಬ ಮೂವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಸಂದಿತು. ಬೆಳಕನ್ನು ಹೀರುವುದರಲ್ಲಿ ಇವು ಬಹು ಸಮರ್ಥ.

ಹಾಗಾದರೆ ಚುಕ್ಕೆಯೊಳಗೆ ಯಟರ್ಬಿಯಮನ್ನು ಸೇರಿಸಿದರಾಯಿತಲ್ಲವೆ? ಅದು ಅಷ್ಟು ಸುಲಭವಲ್ಲ. ಹೆಸರಾಂತ ಕ್ಯಾಡ್ಮಿಯಮ್ ಸೆಲೆನೈಡಿನ ಚುಕ್ಕೆಯನ್ನೇ ನೋಡೋಣ. ಅಲ್ಲಿ ಕ್ಯಾಡ್ಮಿಯಮಿನ ವಿದ್ಯುದಂಶ ಎರಡು, ನೆರೆಯವರು ನಾಲ್ವರು. ಯಟರ್ಬಿಯಮಿನ ವಿದ್ಯುದಂಶ ಮೂರು; ಅದಕ್ಕೆ ಕನಿಷ್ಠ ಆರು ನೆರೆಯವರು ಬೇಕು. ಒಗ್ಗದ ಅತಿಥಿಯನ್ನು ಹರಳು ಹೊರಮೈಗೆ ತಳ್ಳಿಬಿಡುತ್ತದೆ.

ಸೀಸಿಯಮ್, ಸೀಸ, ಕ್ಲೋರೀನುಗಳಿಂದಾದ ಪೆರೊವ್‌ಸ್ಕೈಟ್ ಹರಳಿನಲ್ಲಿ ಈ ತೊಡಕು ಬಗೆಹರಿಯಿತು. ಅಲ್ಲಿ ಸೀಸದ ಸುತ್ತ ಆರು ಕ್ಲೋರೀನುಗಳಿವೆ. ಯಟರ್ಬಿಯಮಿಗೆ ಅದು ಒಪ್ಪುವ ಮನೆ. ವಿದ್ಯುದಂಶದ ಲೆಕ್ಕವೂ ಹೊಂದುತ್ತದೆ: ಎರಡೆರಡರಂತೆ ಮೂರು ಸೀಸಗಳಿಗೆ ಆರು, ಮೂರು ಮೂರರಂತೆ ಎರಡು ಯಟರ್ಬಿಯಮಿಗೂ ಆರು. ಆದುದರಿಂದ ಮೂರು ಸೀಸಗಳು ತೆರವು ಮಾಡಿದ ಎಡೆಯಲ್ಲಿ ಎರಡು ಯಟರ್ಬಿಯಮ್ ನೆಲೆಸಿ, ಒಂದು ಸ್ಥಾನ ಬರಿದಾಗಿ ಉಳಿಯುತ್ತದೆ. ಹರಳು ಹೀರಿದ 3 ಎಲೆಕ್ಟ್ರಾನ್-ವೋಲ್ಟ್ ಶಕ್ತಿ ಈ ಜೋಡಿಗೆ ಹಂಚಿಹೋಗುವುದೆಂಬುದು ವಿಜ್ಞಾನಿಗಳ ವಿವರಣೆ.

2018ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇನಿಯಲ್ ಗ್ಯಾಮೆಲಿನ್ ಮತ್ತು ಸಂಗಡಿಗರು, ಇಂಥ ಹರಳುಗಳು ಹೀರಿದ ಪ್ರತಿ 100 ಫೋಟಾನುಗಳಿಗೆ 170ರಷ್ಟನ್ನು ಹೊರಚೆಲ್ಲುವುವೆಂದು ಪ್ರಕಟಿಸಿದರು. ನೂರು ಕೊಟ್ಟು ನೂರೆಪ್ಪತ್ತು ಪಡೆಯುವುದು ಶಕ್ತಿಯ ನಿತ್ಯತೆಗೆ ವಿರೋಧವಲ್ಲವೆ ಎಂದು ವಾಚಕರು ಕೇಳಬಹುದು. ಅಲ್ಲ. ಹೆಚ್ಚಿದುದು ಫೋಟಾನುಗಳ ಎಣಿಕೆ, ಶಕ್ತಿಯಲ್ಲ. ಎರಡು ಅವಕೆಂಪು ಫೋಟಾನುಗಳ ಮೊತ್ತ 2.5, ಕೊಟ್ಟದ್ದು 3. ಉಳಿದುದು ಶಾಖವಾಯಿತು. ಸಿಲಿಕಾನಿಗೋ 1.25ರ ಫೋಟಾನು ಬಹುಮಟ್ಟಿಗೆ ಸರಿಯಾದ ಚಿಲ್ಲರೆ.

ಹೀಗಿದ್ದರೂ ಎಚ್ಚರ ಬೇಕು. ಈ ಹರಳು ಹೀರುವುದು ನೇರಿಳೆ ಮತ್ತು ಅದರಾಚೆಯ ಕಿರಣಗಳನ್ನು ಮಾತ್ರ. ಬಿಸಿಲಿನಲ್ಲಿ ಅವುಗಳ ಪಾಲು ಸ್ವಲ್ಪ. ಬ್ರೋಮೀನು ಬೆರೆಸಿ ನೀಲಿಯನ್ನೂ ಹೀರುವಂತೆ ಮಾಡಬಹುದು. ಆದರೆ ಹೀರುವ ಶಕ್ತಿ 2.5ಕ್ಕಿಂತ ಕೆಳಗಿಳಿದರೆ ನೋಟು ಎರಡಾಗದು. ಬೆಳಕು ಪ್ರಖರವಾದಷ್ಟೂ ಇಮ್ಮಡಿಯ ಲಾಭ ಕುಗ್ಗುತ್ತದೆ. ಸೀಸವಂತೂ ವಿಷ, ಮಾಳಿಗೆಯ ಮೇಲೆ ಮಳೆಗೆ ಒಡ್ಡುವ ವಸ್ತುವಿನಲ್ಲಿ ಅದನ್ನು ಅಲಕ್ಷಿಸುವಂತಿಲ್ಲ. ಈ ಲೆಕ್ಕವೂ ಚುಕ್ತಾ ಆದ ದಿನ, ಈಗ ಫಲಕವನ್ನು ಬರಿದೆ ಕಾಯಿಸುವ ಕಿರಣ ದೀಪವನ್ನೂ ಬೆಳಗೀತು.