ವಾಸಿಯಾಗಲೆಂಬ ಪ್ರಾರ್ಥನೆಯಷ್ಟೇ ಸಾಲದು

ಅಂಗವಿಕಲ ಮಗುವೊಂದು ಸಂಡೇ ಸ್ಕೂಲಿಗೋ ಮಿಷನ್ ಶಾಲೆಗೋ ಬಂದಾಗ ಕ್ರೈಸ್ತರಾದ ನಮ್ಮಲ್ಲಿ ಕೆಲವು ಹಳೆಯ ನಂಬಿಕೆಗಳು ತಲೆ ಎತ್ತುತ್ತವೆ. ಅವಕ್ಕೆ ಬೈಬಲಿನ ಆಧಾರವಿದೆಯೆಂದೇ ಹಲವರು ತಿಳಿದಿದ್ದಾರೆ.

ತಪ್ಪು ಕಲ್ಪನೆ: ಅಂಗವೈಕಲ್ಯ ಪಾಪದ ಫಲ.

ವಾಸ್ತವ: ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಇವನದೋ ಹೆತ್ತವರದೋ ಎಂದು ಕೇಳಿದರು. ಇಬ್ಬರದೂ ಅಲ್ಲವೆಂದರು ಯೇಸು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ಓದಿದ ಮೇಲೂ ಅಂಥ ಮಗುವಿನ ತಾಯಿಯನ್ನು ಚುಚ್ಚಿ ಮಾತನಾಡುವುದು ಕ್ರೌರ್ಯ.

ತಪ್ಪು ಕಲ್ಪನೆ: ದೇಹ ವಾಸಿಯಾಗುವುದೊಂದೇ ದೇವರ ಉತ್ತರ.

ವಾಸ್ತವ: ತನ್ನ ನಾಲಿಗೆ ಮಂದವೆಂದು ಮೋಶೆ ಹಿಂಜರಿದ. ಆ ನಾಲಿಗೆ ವಾಸಿಯಾಯಿತೆಂದು ವಿಮೋಚನಕಾಂಡ ಎಲ್ಲೂ ಹೇಳುವುದಿಲ್ಲ. ದೇವರು ಅವನ ಪರವಾಗಿ ಮಾತನಾಡಲು ಅಣ್ಣ ಆರೋನನನ್ನು ಕೊಟ್ಟು, ಹೊಣೆಯನ್ನು ಮಾತ್ರ ಮೋಶೆಯ ಮೇಲೆಯೇ ಇಟ್ಟನು. ಬ್ರೈಲ್ ಪುಸ್ತಕ, ಸಂಜ್ಞಾ ಭಾಷೆ, ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಇವೆಲ್ಲ ನನಗೆ ಆ ಸಾಲಿನಲ್ಲೇ ಕಾಣುತ್ತವೆ. ನೆರವು ಒದಗಿಸಿದರೆ ಮಗು ತನ್ನ ಕೆಲಸವನ್ನು ತಾನೇ ಮಾಡುತ್ತದೆ.

ತಪ್ಪು ಕಲ್ಪನೆ: ಕಿವಿ ಕೇಳದವರಿಗೆ ವಾಕ್ಯ ಮುಟ್ಟದು.

ವಾಸ್ತವ: ನಂಬಿಕೆ ಹುಟ್ಟುವುದು ಕೇಳುವಿಕೆಯಿಂದ ಎಂಬ ಪೌಲನ ಮಾತಿಗೆ ಹಿಂದೆ ಇಂಥ ಅರ್ಥ ಹಚ್ಚಿದವರಿದ್ದರು. ಆದರೆ 18ನೇ ಶತಮಾನದ ಪ್ಯಾರಿಸ್‌ನಲ್ಲಿ ಪಾದ್ರಿ ಷಾರ್ಲ್ ಮಿಷೆಲ್ ದ ಲೆಪೇ ಕಿವುಡ ಮಕ್ಕಳ ಸಂಜ್ಞೆಗಳನ್ನೇ ಆಧಾರವಾಗಿಟ್ಟುಕೊಂಡು ಉಚಿತವಾಗಿ ಪಾಠ ಕಲಿಸಿದರು.

ತಪ್ಪು ಕಲ್ಪನೆ: ತಂತ್ರಜ್ಞಾನ ಬಡ ಶಾಲೆಗೆ ಎಟುಕದು.

ವಾಸ್ತವ: ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ. ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್ 2006ರಲ್ಲಿ ಅದನ್ನು ಆರಂಭಿಸಿದರು. ನಿಜವಾದ ತೊಡಕು ಇರುವುದು ನಾವು ತಯಾರಿಸುವ ಪಾಠದಲ್ಲಿ. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಈ ತಂತ್ರಾಂಶ ಅರ್ಥವಿಲ್ಲದ ಅಕ್ಷರ, ಚಿಹ್ನೆಗಳಾಗಿ ಓದುತ್ತದೆ. ಪುಟದ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಅದಕ್ಕೆ ಸಿಗುವುದು ಬರಿಯ ಚಿತ್ರ. ಅಕ್ಷರ ಗುರುತಿಸುವ ಬೇರೆ ಸೌಲಭ್ಯವಿಲ್ಲದೆ ಒಂದು ಪದವೂ ಕೇಳಿಸದು. ಯೂನಿಕೋಡ್‌ನಲ್ಲಿ ಟೈಪ್ ಮಾಡುವುದಕ್ಕೂ ಚಿತ್ರದಲ್ಲಿ ಏನಿದೆಯೆಂದು ಎರಡು ಸಾಲು ಬರೆಯುವುದಕ್ಕೂ ದುಡ್ಡು ಬೇಕಿಲ್ಲ.

ತಪ್ಪು ಕಲ್ಪನೆ: ಇದೆಲ್ಲ ಶಾಲೆ ತೋರುವ ದಯೆ.

ವಾಸ್ತವ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಈ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು, ಬೇಕಾದ ಅನುಕೂಲ ಕಲ್ಪಿಸಬೇಕು. ಮಾನ್ಯತೆ ಪಡೆದ ಮಿಷನ್ ಶಾಲೆಗಳಿಗೂ ಇದು ಅನ್ವಯಿಸುತ್ತದೆ. ಪಾಠ ಹೇಳುವವರೇ, ಮುಂದಿನ ವಾರದ ಪಾಠವನ್ನು ದಯವಿಟ್ಟು ಯೂನಿಕೋಡ್‌ನಲ್ಲಿ ಸಿದ್ಧಪಡಿಸಿ.